ತನ್ನ ಹೆಸರನ್ನೇ ಮರೆತ ಗಣಕಯಂತ್ರ
ಹಳೆಯ ವರ್ಕ್‌ಸ್ಟೇಷನ್‌ಗೆ ಮರುಜೀವ ಕೊಟ್ಟ ಪುಟ್ಟ ಚಿಪ್ಪಿನ ಕಥೆ

ಹಳೆಯ ಗಣಕಯಂತ್ರ ಕೆಟ್ಟರೆ ಮುಂಬಯಿಯಲ್ಲಿ ಇರುವುದು ಎರಡೇ ದಾರಿ ಎಂದು ನಮ್ಮವರಲ್ಲಿ ಹಲವರು ನಂಬಿದ್ದಾರೆ. ಒಂದು ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಲ್ಯಾಮಿಂಗ್ಟನ್ ರಸ್ತೆ, ಇನ್ನೊಂದು ಭಂಗಾರದವನ ತಕ್ಕಡಿ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವನು ಯಂತ್ರದ ವಯಸ್ಸು ಕೇಳಿದೊಡನೆ ತಲೆಯಾಡಿಸಿ ಹೊಸದನ್ನು ಕೊಳ್ಳಿ ಎನ್ನುತ್ತಾನೆ. ಭಂಗಾರದವನು ವಯಸ್ಸು ಕೇಳುವುದಿಲ್ಲ, ತೂಕ ಕೇಳುತ್ತಾನೆ. ಇವರಿಬ್ಬರ ನಡುವೆ ಎಷ್ಟೋ ಒಳ್ಳೆಯ ಯಂತ್ರಗಳು, ಅವುಗಳ ಹೊಟ್ಟೆಯಲ್ಲಿದ್ದ ವರ್ಷಗಟ್ಟಲೆಯ ಕೆಲಸದ ಸಮೇತ ಕಣ್ಮರೆಯಾಗಿವೆ. ಬಿಚ್ಚಿ ನೋಡಿದ್ದರೆ ಅವುಗಳಲ್ಲಿ ಕೆಲವು ಕೆಟ್ಟಿರಲೇ ಇಲ್ಲ ಎಂಬುದು ಗೊತ್ತಾಗುತ್ತಿತ್ತು. ಅವು ತಾವು ಯಾರೆಂಬುದನ್ನು ಮರೆತಿದ್ದವು, ಅಷ್ಟೆ.

ಇದು ಅಲಂಕಾರದ ಮಾತಲ್ಲ. ಒಂದು ಕಾಲದಲ್ಲಿ ಸಂಶೋಧನಾ ಕೇಂದ್ರ, ವಿಶ್ವವಿದ್ಯಾಲಯ ಮತ್ತು ಎಂಜಿನಿಯರಿಂಗ್ ಕಚೇರಿಗಳಲ್ಲಿ ಮೆರೆದ ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳಿಗೆ ನಿಜವಾಗಿಯೂ ಇಂಥ ಮರೆವಿನ ರೋಗ ಬರುತ್ತದೆ. ಅದಕ್ಕೆ ಕಾರಣ ಹೆಬ್ಬೆರಳ ಗಾತ್ರದ ಒಂದು ಮೆಮೊರಿ ಚಿಪ್. ಅದನ್ನು ಬದಲಿಸುವ ಕೆಲಸವನ್ನು ಕೆಲವು ಬಾರಿ ಕೈಯಾರೆ ಮಾಡಿದವನಾಗಿ, ಅದರ ಮರ್ಮವನ್ನು ನಮ್ಮ ಸಂಘ-ಸಂಸ್ಥೆಗಳ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮ ಸಂಘಗಳ ಕಚೇರಿಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೂ ಇದರಲ್ಲಿ ಒಂದು ಪಾಠವಿದೆ.

ಸೂರ್ಯನಲ್ಲದ 'ಸನ್'

ಸನ್ ಎಂದರೆ ಸೂರ್ಯ ಎಂದೇ ಎಲ್ಲರೂ ತಿಳಿಯುತ್ತಾರೆ. ಅಸಲಿಗೆ ಅದು 'ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್' ಎಂಬ ಹೆಸರಿನ ಮೊದಲ ಅಕ್ಷರಗಳ ಕೂಡಿಕೆ. 1982ರ ಫೆಬ್ರವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಕಂಪನಿಯ ಸ್ಥಾಪಕರಲ್ಲಿ ದೆಹಲಿ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ ಒಬ್ಬರು. ಆಂಡಿ ಬೆಕ್ಟೋಲ್‌ಶೈಮ್, ಸ್ಕಾಟ್ ಮೆಕ್‌ನೀಲಿ ಮತ್ತು ಬಿಲ್ ಜಾಯ್ ಉಳಿದ ಮೂವರು. ಇಂದು ಮನೆಮಾತಾಗಿರುವ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು 1995ರಲ್ಲಿ ಹೊರತಂದದ್ದೂ ಇದೇ ಕಂಪನಿ. 2010ರ ಜನವರಿಯಲ್ಲಿ ಇದನ್ನು ಒರಾಕಲ್ ಕಂಪನಿ ಕೊಂಡುಕೊಂಡಿತು.

ಸನ್ 1989ರಲ್ಲಿ ಸ್ಪಾರ್ಕ್‌ಸ್ಟೇಷನ್ 1 ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಚಪ್ಪಟೆಯಾದ ಚೌಕಾಕಾರದ ಈ ಯಂತ್ರಕ್ಕೆ 'ಪಿಜ್ಜಾ ಡಬ್ಬಿ' ಎಂಬ ಅಡ್ಡಹೆಸರು ಬಿತ್ತು. 1994ರಲ್ಲಿ ಬಂದ ಸ್ಪಾರ್ಕ್‌ಸ್ಟೇಷನ್ 20 ಇದೇ ಮನೆತನದ ಹೆಸರುವಾಸಿ ಕುಡಿ. 1995ರಲ್ಲಿ ತೆರೆಕಂಡ 'ಟಾಯ್ ಸ್ಟೋರಿ' ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ಮೂಡಿಬಂದ ಮೊದಲ ಪೂರ್ಣಪ್ರಮಾಣದ ಚಲನಚಿತ್ರ. ಅದರ ಚಿತ್ರಗಳನ್ನು ಲೆಕ್ಕ ಹಾಕಿ ಬಿಡಿಸಿದ್ದು ಸಾಲಾಗಿ ಜೋಡಿಸಿಟ್ಟ 117 ಸ್ಪಾರ್ಕ್‌ಸ್ಟೇಷನ್ 20 ಯಂತ್ರಗಳು.

ಮನೆಯಲ್ಲಿ ಬಳಸುವ ಕಂಪ್ಯೂಟರಿಗೂ ವರ್ಕ್‌ಸ್ಟೇಷನ್‌ಗೂ ಇದ್ದ ವ್ಯತ್ಯಾಸವೇನೆಂದು ಕೆಲವರು ಕೇಳಬಹುದು. ಸ್ಕೂಟರಿಗೂ ಸರಕು ಲಾರಿಗೂ ಇರುವ ವ್ಯತ್ಯಾಸವೇ ಅದು. ಯಂತ್ರಭಾಗಗಳ ನಕಾಶೆ, ಚಿಪ್‌ಗಳ ವಿನ್ಯಾಸ, ವಿಜ್ಞಾನಿಗಳ ದೀರ್ಘ ಲೆಕ್ಕಾಚಾರ ಮುಂತಾದ ಭಾರದ ಕೆಲಸಗಳಿಗೆಂದೇ ಇವು ತಯಾರಾಗಿದ್ದವು. ದುಬಾರಿ ಬೆಲೆಯ ಈ ಯಂತ್ರಗಳನ್ನು ಹತ್ತು ಹದಿನೈದು ವರ್ಷ ಹಗಲಿರುಳು ದುಡಿಸಿಕೊಂಡವರಿದ್ದಾರೆ.

ಮೂರು ಬಗೆಯ ನೆನಪು

ಕಂಪ್ಯೂಟರಿನ ನೆನಪಿನ ಶಕ್ತಿಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಶಾಲೆಯ ಸ್ಲೇಟಿನಂಥದು. ಬರೆದು ಅಳಿಸಿ ಬರೆದು ಕೆಲಸ ಮಾಡುವುದು, ವಿದ್ಯುತ್ ಹೋದರೆ ಸ್ಲೇಟು ಖಾಲಿ. ಇದನ್ನೇ ನಾವು ರ‍್ಯಾಮ್ ಎನ್ನುತ್ತೇವೆ. ಎರಡನೆಯದು ಶಿಲಾಶಾಸನದಂಥದು. ಕಾರ್ಖಾನೆಯಲ್ಲಿ ಒಮ್ಮೆ ಕೆತ್ತಿದ್ದು ಹಾಗೇ ಉಳಿಯುತ್ತದೆ. ಇದು ರಾಮ್, ಅಂದರೆ ಓದಲಷ್ಟೇ ಬರುವ ಮೆಮೊರಿ. ಮೂರನೆಯದು ಜೇಬಿನ ಡೈರಿಯಂಥದು. ಬೇಕಾದಾಗ ತಿದ್ದಬಹುದು, ಆದರೆ ವಿದ್ಯುತ್ ಹೋದರೂ ಅಳಿಸಿಹೋಗದು. ಇದಕ್ಕೆ ಎನ್‌ವಿರ‍್ಯಾಮ್ ಎಂದು ಹೆಸರು.

ಸನ್ ಯಂತ್ರಗಳಲ್ಲಿ ಈ ಡೈರಿಯ ಕೆಲಸ ಮಾಡುವುದು ಎಂ48ಟಿ02 ಅಥವಾ ಎಂ48ಟಿ08 ಎಂಬ ಚಿಪ್. ಸ್ಪಾರ್ಕ್‌ಸ್ಟೇಷನ್ 1 ಮತ್ತು 2ರಲ್ಲಿ 24 ಕಾಲುಗಳ, 2 ಕಿಲೋಬೈಟ್ ಸಾಮರ್ಥ್ಯದ ಮೊದಲನೆಯದಿದ್ದರೆ, ಸ್ಪಾರ್ಕ್‌ಸ್ಟೇಷನ್ 10, 20ರಲ್ಲಿ 28 ಕಾಲುಗಳ, 8 ಕಿಲೋಬೈಟ್‌ನ ಎರಡನೆಯದಿದೆ. ಇಂದಿನ ಮೊಬೈಲಿನ ಒಂದು ಫೋಟೋ ಇಡಲಿಕ್ಕೂ ಇಷ್ಟು ಜಾಗ ಸಾಲದು. ಆದರೆ ಯಂತ್ರದ ಪಾಲಿಗೆ ಪ್ರಾಣವಾಯುವಿನಂಥ ಮೂರು ಸಂಗತಿಗಳು ಇದರಲ್ಲಿವೆ. ಯಂತ್ರದ ಗುರುತಿನ ಸಂಖ್ಯೆ, ಚಾಲನೆಯ ಕಟ್ಟಲೆಗಳು ಮತ್ತು ದಿನ-ಸಮಯ ತೋರಿಸುವ ಗಡಿಯಾರ.

ವಿದ್ಯುತ್ ಇಲ್ಲದಾಗಲೂ ಈ ಡೈರಿ ಅಳಿಯದಂತೆ ಕಾಯುವುದು ಒಂದು ಲಿಥಿಯಂ ಸೆಲ್. ಕಿತಾಪತಿ ಇರುವುದೇ ಇಲ್ಲಿ. ಆ ಸೆಲ್ಲನ್ನು ಚಿಪ್ಪಿನ ತಲೆಯ ಮೇಲೆ ಟೊಪ್ಪಿಯಂತೆ ಕೂರಿಸಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಶಾಶ್ವತವಾಗಿ ಮುಚ್ಚಿಬಿಟ್ಟಿದ್ದಾರೆ. ಇದರ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಯಂತ್ರ ಚಾಲೂ ಇರುವಾಗ ಚಿಪ್ ಹೊರಗಿನ ವಿದ್ಯುತ್ತನ್ನೇ ಬಳಸುವುದರಿಂದ ಸೆಲ್ ಸವೆಯುವುದು ಕಡಿಮೆ. ಬಂದ್ ಮಾಡಿ ಮೂಲೆಗಿಟ್ಟಾಗಲೇ ಅದು ಕರಗತೊಡಗುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಕರಗುತ್ತದೆ. ದುಡಿಯುವ ಯಂತ್ರಕ್ಕಿಂತ ನಿವೃತ್ತಿ ಕೊಟ್ಟ ಯಂತ್ರಕ್ಕೇ ಈ ಮರೆವು ಬೇಗ ತಗಲುವುದಕ್ಕೆ ಇದು ಕಾರಣ.

ಯಂತ್ರದ ಜಾತಕ

ಗುರುತಿನ ಸಂಖ್ಯೆಯ ಬಗ್ಗೆ ಎರಡು ಮಾತು. ಈ ಚಿಪ್ಪಿನಲ್ಲಿ ಹದಿನಾರು ಮನೆಗಳ ಒಂದು ಪುಟ್ಟ ಕೋಷ್ಟಕವಿದೆ. ಅದನ್ನು ಯಂತ್ರದ ಜಾತಕ ಎಂದರೂ ತಪ್ಪಿಲ್ಲ. ಮೊದಲ ಮನೆಯಲ್ಲಿ ಕೋಷ್ಟಕದ ಮಾದರಿ, ಎರಡನೆಯದರಲ್ಲಿ ಯಂತ್ರದ ಕುಲ, ಮುಂದಿನ ಆರರಲ್ಲಿ ನೆಟ್‌ವರ್ಕ್ ವಿಳಾಸ, ನಾಲ್ಕರಲ್ಲಿ ತಯಾರಾದ ದಿನಾಂಕ, ಮೂರರಲ್ಲಿ ಕ್ರಮಸಂಖ್ಯೆ. ಕೊನೆಯ ಹದಿನಾರನೆಯದು ತಾಳೆಯ ಸಂಖ್ಯೆ. ಜಮಾ-ಖರ್ಚು ಬರೆದವರಿಗೆ ಇದು ಗೊತ್ತಿರುವ ಉಪಾಯವೇ. ಮೇಲಿನ ಹದಿನೈದು ಸಂಖ್ಯೆಗಳಿಂದ ಒಂದು ನಿಶ್ಚಿತ ವಿಧಾನದಲ್ಲಿ ಹದಿನಾರನೆಯದನ್ನು ಲೆಕ್ಕ ಹಾಕಿ ಬರೆದಿಡುತ್ತಾರೆ. ಯಂತ್ರ ಪ್ರತಿಸಲ ಎಚ್ಚರವಾದಾಗ ಆ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡುತ್ತದೆ. ತಾಳೆಯಾದರೆ ಸರಿ, ಇಲ್ಲವಾದರೆ ಡೈರಿಯನ್ನೇ ನಂಬುವುದಿಲ್ಲ.

ನೆಟ್‌ವರ್ಕ್ ವಿಳಾಸದ ಆರು ಮನೆಗಳಲ್ಲಿ ಮೊದಲ ಮೂರು ಸನ್ ಕಂಪನಿಯ ಮನೆತನದ ಹೆಸರಿದ್ದಂತೆ, 08, 00, 20. ಉಳಿದ ಮೂರು ಆಯಾ ಯಂತ್ರದ ಸ್ವಂತದ್ದು. ಯಂತ್ರದ ಕುಲ ಮತ್ತು ಕ್ರಮಸಂಖ್ಯೆ ಸೇರಿದರೆ 'ಹೋಸ್ಟ್ ಐಡಿ' ಎಂಬ ಎಂಟು ಅಂಕೆ-ಅಕ್ಷರಗಳ ಗುರುತು ಸಿಗುತ್ತದೆ. ಸ್ಪಾರ್ಕ್‌ಸ್ಟೇಷನ್ 20ರಲ್ಲಿ ಇದು 72ರಿಂದ ಆರಂಭ.

ಆ ಕಾಲದ ದುಬಾರಿ ತಂತ್ರಾಂಶಗಳ ಪರವಾನಗಿಯನ್ನು ಇದೇ ಹೋಸ್ಟ್ ಐಡಿಗೆ ಗಂಟು ಹಾಕಿ ಕೊಡುತ್ತಿದ್ದರು. ಸಂಖ್ಯೆ ಹೊಂದಿದರೆ ಮಾತ್ರ ತಂತ್ರಾಂಶ ಬಾಗಿಲು ತೆರೆಯುತ್ತದೆ. ಆದ್ದರಿಂದ ಚಿಪ್ ಸತ್ತರೆ ಯಂತ್ರದ ಹೆಸರಿನ ಜೊತೆಗೆ ಅದರ ಮೇಲೆ ನಡೆಯುತ್ತಿದ್ದ ಕೆಲಸಕ್ಕೂ ಬೀಗ ಬೀಳುತ್ತದೆ.

ಅಚ್ಚಿನ ಕಾರ್ಖಾನೆಯಲ್ಲೊಂದು ದಿನ

2007ರ ಮಳೆಗಾಲದಲ್ಲಿ ಕಂಡ ಒಂದು ಪ್ರಸಂಗ ಹೇಳಿದರೆ ಇದು ಸ್ಪಷ್ಟವಾದೀತು. ಥಾಣೆ-ಬೇಲಾಪುರ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಪ್ಲಾಸ್ಟಿಕ್ ಸಾಮಾನುಗಳ ಅಚ್ಚು ತಯಾರಿಸುವ ಒಂದು ಪುಟ್ಟ ಕಾರ್ಖಾನೆ. ಮಾಲಕರು ಉಡುಪಿ ಕಡೆಯವರು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ಹೊಸ ಕೆಲಸಗಳೆಲ್ಲ ಸಾಧಾರಣ ಕಂಪ್ಯೂಟರಿಗೆ ಬದಲಾಗಿದ್ದರೂ, ಹಿಂದಿನ ಹತ್ತು ವರ್ಷಗಳ ಅಚ್ಚುಗಳ ನಕಾಶೆಗಳೆಲ್ಲ ಒಂದು ಸ್ಪಾರ್ಕ್‌ಸ್ಟೇಷನ್ 20ರಲ್ಲೇ ಇದ್ದವು. ಹಳೆಯ ಗಿರಾಕಿಯೊಬ್ಬರು ಸವೆದುಹೋದ ಅಚ್ಚನ್ನು ಮರಳಿ ಮಾಡಿಕೊಡಿ ಎಂದು ದೊಡ್ಡ ಆರ್ಡರ್ ಹಿಡಿದು ಬಂದಾಗ, ನಾಲ್ಕು ತಿಂಗಳಿನಿಂದ ಬಂದ್ ಆಗಿದ್ದ ಯಂತ್ರವನ್ನು ಹಚ್ಚಿದರು. ಅದು ಏಳಲಿಲ್ಲ.

"ಎಂತ ಮಾರಾಯ್ರೆ, ಇಡುವಾಗ ಸರಿಯೇ ಇತ್ತು. ಈಗ ಹಚ್ಚಿದರೆ ಒಂದೇ ಗೆರೆ ಮತ್ತೆ ಮತ್ತೆ ಬರ್ತಾ ಉಂಟು. ರಿಪೇರಿಯವನೊಬ್ಬ ಬಂದು ನೋಡಿ ಮದರ್‌ಬೋರ್ಡೇ ಹೋಗಿದೆ, ಇನ್ನು ಇದು ಆಗುವುದಿಲ್ಲ ಹೇಳಿ ಹೋದ. ಭಂಗಾರಕ್ಕೆ ಕೊಡುವುದಾ?" ಎಂದು ಅವರು ಫೋನಿನಲ್ಲೇ ಕೇಳಿದರು.

"ಕೊಡಬೇಡಿ ಅಣ್ಣ, ಮೊದಲು ಆ ಗೆರೆಯಲ್ಲಿ ಏನು ಬರೆದಿದೆ ಅಂತ ಓದಿ ಹೇಳಿ" ಎಂದೆ.

ಪರದೆಯ ಮೇಲೆ ಮೊದಲು ಐಡಿಪ್ರಾಮ್‌ನ ಒಳಗಿರುವುದು ಸರಿಯಿಲ್ಲ ಎಂಬ ಸೂಚನೆ ಇತ್ತು. ನೆಟ್‌ವರ್ಕ್ ವಿಳಾಸವಿರಬೇಕಾದ ಜಾಗದಲ್ಲಿ ಉದ್ದಕ್ಕೂ ಎಫ್, ಎಫ್, ಎಫ್. ಅದರ ಕೆಳಗೆ ಆರ್ಪ್-ರಾರ್ಪ್ ಉತ್ತರಕ್ಕಾಗಿ ಕಾದು ಸಮಯ ಮೀರಿತು ಎಂಬ ಸಾಲು ಪುನಃ ಪುನಃ ಮೂಡುತ್ತಿತ್ತು. ಮದರ್‌ಬೋರ್ಡ್ ಹೋದ ಯಂತ್ರ ಇಷ್ಟು ಮಾತಾಡುವುದಿಲ್ಲ. ರಾರ್ಪ್ ಎಂದರೆ ಯಂತ್ರ ತನ್ನ ನೆಟ್‌ವರ್ಕಿನಲ್ಲಿರುವ ಇತರರನ್ನು 'ನನ್ನ ವಿಳಾಸ ಯಾವುದು, ಯಾರಾದರೂ ಹೇಳಿ' ಎಂದು ಕೇಳುವ ವಿಧಾನ. ಡೈರಿ ಅಳಿಸಿಹೋದಾಗ ಯಂತ್ರ ತನ್ನದೇ ಡಿಸ್ಕಿನಿಂದ ಚಾಲನೆಗೊಳ್ಳುವ ಕಟ್ಟಲೆಯನ್ನೂ ಮರೆತು, ಹೀಗೆ ಹೊರಗಿನವರನ್ನು ಕೇಳುತ್ತ ಕೂರುತ್ತದೆ. ಆ ಕಾರ್ಖಾನೆಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ.

ಇಲ್ಲೊಂದು ಎಚ್ಚರಿಕೆ. ಹಾಳಾಗಿರುವುದು ಡೈರಿಯೋ ಸ್ಲೇಟೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ರ‍್ಯಾಮ್ ಕೆಟ್ಟಿದ್ದರೆ ಆರಂಭದ ಪರೀಕ್ಷೆಯಲ್ಲೇ ಮೆಮೊರಿಯ ದೋಷ ಎಂದು ಬೇರೆಯೇ ಸೂಚನೆ ಬರುತ್ತದೆ. ಆಗ ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಹಾಕಿ ದೋಷ ಯಾವುದರಲ್ಲಿದೆ ಎಂದು ಪತ್ತೆ ಹಚ್ಚಬೇಕು. ಸ್ಪಾರ್ಕ್‌ಸ್ಟೇಷನ್ 20ರ ಮೆಮೊರಿ ಪಟ್ಟಿಗೆ 200 ಸಂಪರ್ಕ ಬಿಂದುಗಳಿವೆ, ಸಾಧಾರಣ ಕಂಪ್ಯೂಟರಿನ ಪಟ್ಟಿ ಇದಕ್ಕೆ ಹೊಂದದು. ಒತ್ತಿ ತುರುಕಲು ಹೋದರೆ ಇರುವ ತೋಡೂ ಮುರಿಯುತ್ತದೆ.

ಚಿಪ್ ಬದಲಿಸುವ ಕೆಲಸ

ಹೊಸ ಚಿಪ್ಪಿಗಾಗಿ ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. 1903ರಿಂದ 1907ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನ ಹೆಸರು ಹೊತ್ತ ಈ ರಸ್ತೆಯ ಅಧಿಕೃತ ಹೆಸರು ಡಾ. ಭಡಕಮ್ಕರ್ ಮಾರ್ಗ. ಆದರೂ ಎಲೆಕ್ಟ್ರಾನಿಕ್ಸ್ ವ್ಯಾಪಾರದವರ ಬಾಯಲ್ಲಿ ಇಂದಿಗೂ ಹಳೆಯ ಹೆಸರೇ. ಮೊದಲ ಅಂಗಡಿಯಲ್ಲಿ ತೋರಿಸಿದ ಚಿಪ್ ನೋಡಲು ಹೊಸತರಂತೆ ಇತ್ತು. ಕಾಲುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಅವುಗಳ ಮೇಲೆ ಬೆಸುಗೆಯ ಕಲೆ. ಯಾವುದೋ ಹಳೆಯ ಬೋರ್ಡಿನಿಂದ ಕಿತ್ತು ತೊಳೆದು ಇಟ್ಟದ್ದು ಅದು. ಚಿಪ್ಪಿನ ಮೇಲೆ ವರ್ಷ ಮತ್ತು ವಾರವನ್ನು ಸೂಚಿಸುವ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ವರ್ಷ, ಮತ್ತೆರಡು ಆ ವರ್ಷದ ಎಷ್ಟನೆಯ ವಾರ ಎಂಬುದು. ಹಾಲಿನ ಪ್ಯಾಕೆಟಿನ ತಾರೀಕು ನೋಡುವಂತೆ ಇದನ್ನು ನೋಡಲೇಬೇಕು, ಏಕೆಂದರೆ ಒಳಗಿನ ಸೆಲ್ಲಿಗೆ ಕಪಾಟಿನಲ್ಲಿದ್ದರೂ ವಯಸ್ಸಾಗುತ್ತದೆ. ಮೂರನೆಯ ಅಂಗಡಿಯಲ್ಲಿ ಒಳ್ಳೆಯದು ಸಿಕ್ಕಿತು.

ಬದಲಿಸುವ ಕೆಲಸಕ್ಕೆ ಹತ್ತು ನಿಮಿಷ ಸಾಕು. ಮೊದಲು ವಿದ್ಯುತ್ ತಂತಿಯನ್ನು ಗೋಡೆಯಿಂದಲೇ ಕಿತ್ತಿಡಬೇಕು. ಮೈಯಲ್ಲಿರುವ ಸ್ಥಾಯೀ ವಿದ್ಯುತ್ ಚಿಪ್ಪಿಗೆ ವಿಷವಿದ್ದಂತೆ, ಆದ್ದರಿಂದ ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಿಯೇ ಕೆಲಸ ಶುರು ಮಾಡಬೇಕು. ಮುಂಬಯಿಯ ತೇವದ ಹವೆಯಲ್ಲಿ ಇದರ ಭಯ ಕಡಿಮೆ, ಆದರೆ ಏಸಿ ಕೋಣೆಯ ಒಣ ಹವೆಯಲ್ಲಿ ಹೆಚ್ಚು. ಹಿಂಬದಿಯ ತಿರುಪು ಬಿಚ್ಚಿ ಮುಚ್ಚಳ ಎತ್ತಿದರೆ, ಅಕ್ಕಪಕ್ಕದವುಗಳಿಗಿಂತ ಎತ್ತರಕ್ಕಿರುವ, ತಲೆಯ ಮೇಲೆ ಗೆರೆಗೆರೆಯ ಚೀಟಿ ಅಂಟಿಸಿದ ಚಿಪ್ ಕಾಣುತ್ತದೆ. ಪುಣ್ಯಕ್ಕೆ ಇದನ್ನು ಬೆಸೆದಿಲ್ಲ, ತೊಟ್ಟಿಲಿನಂಥ ಸಾಕೆಟ್‌ನಲ್ಲಿ ಕೂರಿಸಿದ್ದಾರೆ. ಒಂದು ತುದಿಯಲ್ಲಿರುವ ಗುರುತು ಯಾವ ದಿಕ್ಕಿಗಿದೆ ಎಂದು ಬರೆದುಕೊಳ್ಳಬೇಕು. ತೆಳ್ಳನೆಯ ಸ್ಕ್ರೂಡ್ರೈವರನ್ನು ಎರಡೂ ತುದಿಗಳಲ್ಲಿ ಸರದಿಯಂತೆ ತೂರಿಸಿ ಸ್ವಲ್ಪಸ್ವಲ್ಪವೇ ಎತ್ತಬೇಕು. ಒಂದೇ ಕಡೆಯಿಂದ ಎಬ್ಬಿಸಿದರೆ ಕಾಲು ಬಾಗುತ್ತದೆ. ಹೊಸದನ್ನು ಅದೇ ದಿಕ್ಕಿಗೆ ಇಟ್ಟು ಹದವಾಗಿ ಒತ್ತಿದರೆ ಆಯಿತು.

ತಂತಿ ಚುಚ್ಚಿ ಹಚ್ಚಿದಾಗ ಮತ್ತದೇ ಸೂಚನೆ, ಮತ್ತದೇ ಎಫ್, ಎಫ್, ಎಫ್!

"ಇದೂ ಹಾಳಾ?" ಎಂದರು ಮಾಲಕರು, ಮುಖ ಬಾಡಿಸಿ.

ಹಾಳಲ್ಲ. ಹೊಸ ಡೈರಿ ಎಂದರೆ ಖಾಲಿ ಡೈರಿ. ಅದರಲ್ಲಿ ಜಾತಕವನ್ನು ಬರೆಯುವ ಕೆಲಸ ಬಾಕಿ ಇತ್ತು. ಹೊಸ ಚಿಪ್ ಹಾಕಿಯೂ ಯಂತ್ರ ಏಳಲಿಲ್ಲ ಎಂದು ಕೈಚೆಲ್ಲುವವರು ಎಡವುವುದು ಇದೇ ಮೆಟ್ಟಿಲಲ್ಲಿ.

ಹಳೆಯ ಫೈಲಿನಲ್ಲಿ ಸಿಕ್ಕ ಹೆಸರು

ಸನ್ ಯಂತ್ರದ ಕೀಲಿಮಣೆಯಲ್ಲಿ ಸ್ಟಾಪ್ ಎಂಬ ಕೀಲಿಯಿದೆ. ಅದನ್ನು ಒತ್ತಿ ಹಿಡಿದು ಎ ಒತ್ತಿದರೆ ಯಂತ್ರ ಎಲ್ಲ ಗದ್ದಲ ನಿಲ್ಲಿಸಿ 'ಓಕೆ' ಎಂದು ಬರೆದು ನಮ್ಮ ಆದೇಶಕ್ಕೆ ಕಾಯುತ್ತದೆ. ಇಲ್ಲಿ ನಡೆಯುವುದು ಚಾರ್ಲ್ಸ್ ಮೂರ್ ಎಂಬವರು ರೂಪಿಸಿದ ಫೋರ್ತ್ ಎಂಬ ಭಾಷೆ. ಮೊದಲಿಗೆ ಸೆಟ್-ಡಿಫಾಲ್ಟ್ಸ್ ಎಂಬ ಆದೇಶದಿಂದ ಕಟ್ಟಲೆಗಳನ್ನೆಲ್ಲ ಕಾರ್ಖಾನೆಯ ಸ್ಥಿತಿಗೆ ತಂದೆವು. ಪರೀಕ್ಷಾ ಸ್ವಿಚ್ಚನ್ನು ಆರಿಸಿ, ಡಿಸ್ಕಿನಿಂದಲೇ ಏಳು ಎಂದು ಹೇಳಿದೆವು. ಮುಂದೆ ಎಂಕೆಪಿ ಎಂಬ ಮೂರಕ್ಷರದ ಆದೇಶದಿಂದ ಜಾತಕದ ಮನೆಗಳನ್ನು ಒಂದೊಂದಾಗಿ ತುಂಬಬೇಕು.

ಆದರೆ ತುಂಬುವುದು ಯಾವ ಸಂಖ್ಯೆಯನ್ನು?

ಯಂತ್ರವನ್ನು ಬರೀ ಎಬ್ಬಿಸುವುದಾದರೆ ಯಾವ ಸಂಖ್ಯೆಯಾದರೂ ನಡೆಯುತ್ತದೆ. ಹದಿನಾರರ ಲೆಕ್ಕದಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳ ಜೊತೆ ಎ ಯಿಂದ ಎಫ್ ತನಕದ ಅಕ್ಷರಗಳೂ ಬರುವುದರಿಂದ, ಹವ್ಯಾಸಿಗಳು ತಮಾಷೆಗೆ ಸಿ, ಸೊನ್ನೆ, ಎಫ್, ಎಫ್, ಇ, ಇ ಎಂದು ತುಂಬಿ ಯಂತ್ರಕ್ಕೆ 'ಕಾಫಿ' ಎಂದೇ ನಾಮಕರಣ ಮಾಡುವುದುಂಟು. ಒಂದೇ ನೆಟ್‌ವರ್ಕಿನಲ್ಲಿ ಎರಡು ಯಂತ್ರಗಳಿಗೆ ಒಂದೇ ವಿಳಾಸ ಕೊಡಬಾರದು ಎಂಬುದಷ್ಟೇ ನಿಯಮ. ಆದರೆ ಈ ಕಾರ್ಖಾನೆಯ ನಕಾಶೆ ತೆರೆಯುವ ತಂತ್ರಾಂಶಕ್ಕೆ ಅದರ ಅಸಲಿ ಹೋಸ್ಟ್ ಐಡಿಯೇ ಬೇಕಿತ್ತು. ಅದು ಸತ್ತ ಚಿಪ್ಪಿನೊಂದಿಗೇ ಹೋಗಿತ್ತು.

"ತಂತ್ರಾಂಶ ಕೊಂಡಾಗಿನ ಕಾಗದ ಏನಾದರೂ ಉಂಟಾ ಅಣ್ಣ?"

ಮಾಲಕರು ಕಪಾಟಿನ ತಳದಿಂದ 1996ರ ಫೈಲೊಂದನ್ನು ಎಳೆದರು. ಗೆದ್ದಲು ಹಿಡಿಯದಂತೆ ಪ್ರತಿ ದಸರೆಗೆ ಬಿಸಿಲಿಗೆ ಹಾಕುತ್ತಿದ್ದರಂತೆ. ಬಿಲ್ಲು, ವಾರಂಟಿ ಪತ್ರ, ಊರಿನ ದೇವಸ್ಥಾನದ ರಶೀದಿಗಳ ನಡುವೆ ಪರವಾನಗಿಯ ಒಂದು ಹಾಳೆ ಮಡಿಸಿಟ್ಟಿತ್ತು. ಅದರ ಮೊದಲ ಸಾಲಿನಲ್ಲೇ ಯಂತ್ರದ ಹೆಸರಿನ ಪಕ್ಕ ಎಂಟು ಅಂಕೆ-ಅಕ್ಷರಗಳು, ಮೊದಲೆರಡು 72.

ಮನೆಗಳನ್ನು ತುಂಬಿದೆವು. ಕೊನೆಯ ಮನೆಯ ತಾಳೆಯ ಸಂಖ್ಯೆಯನ್ನು ಫೋರ್ತ್ ಭಾಷೆಯ ಒಂದು ಸಾಲಿನಿಂದ ಯಂತ್ರದ ಕೈಯಲ್ಲೇ ಲೆಕ್ಕ ಮಾಡಿಸಿದೆವು. ನೆಟ್‌ವರ್ಕಿಗೆ ಬೇರೆ ಸನ್ ಯಂತ್ರವಿಲ್ಲದ ಕಾರಣ ಅದರ ವಿಳಾಸಕ್ಕೆ ನಮಗೆ ತೋಚಿದ ಸಂಖ್ಯೆ ಕೊಟ್ಟರೂ ಬಾಧಕವಿರಲಿಲ್ಲ. ಆರಿಸಿ ಮತ್ತೆ ಹಚ್ಚಿದಾಗ ಎಫ್‌ಗಳು ಹೋಗಿ ಸರಿಯಾದ ಹೋಸ್ಟ್ ಐಡಿ ಮೂಡಿತು. ಡಿಸ್ಕ್ ಗುರ್ರೆಂದು ತಿರುಗಿತು. ತಾರೀಕು ಮತ್ತು ಸಮಯ ಬರೆದ ಮೇಲೆ ಗಡಿಯಾರವೂ ಓಡತೊಡಗಿತು. ಕಪಾಟಿನಲ್ಲಿ ಸೆಲ್ ಉಳಿಯಲೆಂದು ಕಾರ್ಖಾನೆಯಿಂದಲೇ ಗಡಿಯಾರ ನಿಲ್ಲಿಸಿ ಈ ಚಿಪ್ಪನ್ನು ಕಳಿಸುತ್ತಾರೆ, ಹಾಗಾಗಿ ಅದನ್ನು ನಾವೇ ಓಡಿಸಬೇಕಾಗುತ್ತದೆ.

ನಕಾಶೆ ತೆರೆದಾಗ ಮಾಲಕರು ಮಾತಾಡಲಿಲ್ಲ. ಕಾರ್ಖಾನೆಯ ಹುಡುಗನನ್ನು ಕರೆದು ಚಹಾ ತರಿಸಿದರು. ಆ ಸಂಜೆಯೇ ನಕಾಶೆಗಳನ್ನೆಲ್ಲ ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿದೆವು. ಎದ್ದ ಯಂತ್ರದಲ್ಲಿ ಮೊದಲು ಮಾಡಬೇಕಾದ ಕೆಲಸ ಅದೇ. ಚಿಪ್ ಹೊಸದಾದರೂ ಡಿಸ್ಕ್ ಹಳೆಯದೇ ಅಲ್ಲವೇ?

ಹೊಸ ಚಿಪ್ ಸಿಗದಿದ್ದರೆ

ಈಗ ಈ ಚಿಪ್ ಹುಡುಕಿಕೊಂಡು ಹೊರಟರೆ ಕೈಗೆ ಬರುವುದರಲ್ಲಿ ಹಳೆಯ ದಾಸ್ತಾನೇ ಹೆಚ್ಚು. ಅದಕ್ಕೂ ಉಪಾಯವಿದೆ. ಸತ್ತಿರುವುದು ಸೆಲ್ ಮಾತ್ರ, ಚಿಪ್ಪಲ್ಲ. ಕೈನುರಿತವರು ಟೊಪ್ಪಿಯ ಅಂಚಿನ ಪ್ಲಾಸ್ಟಿಕ್ಕನ್ನು ಅರದಿಂದ ಜೋಪಾನವಾಗಿ ಉಜ್ಜಿ, ಸೆಲ್ಲಿಗೆ ಹೋಗುವ ಎರಡು ಸಣ್ಣ ಲೋಹದ ಎಳೆಗಳನ್ನು ಹೊರಗೆಡಹುತ್ತಾರೆ. ಹಳೆಯ ಸೆಲ್ಲಿನ ಸಂಪರ್ಕ ಕತ್ತರಿಸಿ, ಆ ಎಳೆಗಳಿಗೆ ತಂತಿ ಬೆಸೆದು, 3 ವೋಲ್ಟಿನ ಸಿಆರ್2032 ಗುಂಡಿ ಸೆಲ್ ಕೂರುವ ಗೂಡನ್ನು ಜೋಡಿಸುತ್ತಾರೆ. ಧನ-ಋಣ ತುದಿಗಳು ಅದಲು ಬದಲಾಗಬಾರದು. ಬಿಸಿ ಕಾವಿಯನ್ನು ಲಿಥಿಯಂ ಸೆಲ್ಲಿಗೆ ನೇರವಾಗಿ ಎಂದೂ ತಗಲಿಸಬಾರದು, ಅದು ಸಿಡಿಯುವ ಅಪಾಯವಿದೆ. ಅಭ್ಯಾಸವಿಲ್ಲದವರು ಬಲ್ಲವರ ಕೈಗೇ ಈ ಕೆಲಸ ಒಪ್ಪಿಸುವುದು ಲೇಸು. ಹೀಗೆ ಮಾಡಿದ ಮೇಲೆ ಮುಂದಿನ ಸಲ ಬದಲಿಸಬೇಕಾದದ್ದು ಗುಂಡಿ ಸೆಲ್ ಮಾತ್ರ. ಅದು ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ನಮ್ಮ ಸಂಘದ ಕಚೇರಿಗೂ ಪಾಠ

ನಮ್ಮ ಸಂಘಗಳಲ್ಲಿ ಸನ್ ಯಂತ್ರವಿಲ್ಲವಲ್ಲ ಎನ್ನಬಹುದು. ನಿಜ. ಆದರೆ ಡೈರಿಯ ರೋಗ ಎಲ್ಲ ಕಂಪ್ಯೂಟರುಗಳಿಗೂ ಇದೆ. 1990ರ ಆಸುಪಾಸಿನ ಹಲವು ಕಂಪ್ಯೂಟರುಗಳಲ್ಲಿ ಡಲ್ಲಾಸ್ ಕಂಪನಿಯ ಇಂಥದೇ ಮುಚ್ಚಿದ ಸೆಲ್ಲಿನ ಗಡಿಯಾರದ ಚಿಪ್ ಇತ್ತು. ಅನಂತರ ಬಂದವುಗಳಲ್ಲಿ ಸಿಆರ್2032 ಸೆಲ್ ಮದರ್‌ಬೋರ್ಡಿನ ಮೇಲೆಯೇ ಕೂತಿರುತ್ತದೆ. ಹಚ್ಚಿದಾಗ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ, ಕಟ್ಟಲೆಗಳು ಅಳಿಸಿವೆ ಎಂಬ ಸೂಚನೆ ಬಂದರೆ, ಮೊದಲು ಬದಲಿಸಬೇಕಾದದ್ದು ಈ ಗುಂಡಿ ಸೆಲ್. ಪರದೆ ಕಪ್ಪಾಗಿದ್ದು ಪೀಂ ಪೀಂ ಎಂದು ಕೂಗಿದರೆ ರ‍್ಯಾಮ್ ಪಟ್ಟಿಯ ಮೇಲೆ ಸಂಶಯ ಪಡಬೇಕು. ಅದನ್ನು ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಯಂತ್ರ ಏಳುತ್ತದೆ. ಕಡಲ ಹವೆಯ ಊರಲ್ಲಿ ಅಂಚಿಗೆ ಕಿಲುಬು ಹಿಡಿಯುವುದು ಸಾಮಾನ್ಯ.

ನಮ್ಮ ಹಳೆಯ ಯಂತ್ರಗಳಲ್ಲಿ ಇರುವುದಾದರೂ ಏನು? ಸದಸ್ಯರ ಯಾದಿ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಪುಟಗಳು, ಅಗಲಿದ ಹಿರಿಯರ ಭಾವಚಿತ್ರಗಳು, ವಿದ್ಯಾರ್ಥಿವೇತನದ ಲೆಕ್ಕ. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೆರಳಚ್ಚಿಸಿದ ಕನ್ನಡ ಕಡತಗಳು ಅದೇ ಹಳೆಯ ಅಕ್ಷರವಿನ್ಯಾಸವಿಲ್ಲದೆ ಓದಲಿಕ್ಕೇ ಬರುವುದಿಲ್ಲ, ಮತ್ತು ಆ ವಿನ್ಯಾಸವೂ ಅದೇ ಯಂತ್ರದಲ್ಲಿರುತ್ತದೆ. ಭಂಗಾರಕ್ಕೆ ಹಾಕಿದರೆ ಇವೆಲ್ಲ ಒಟ್ಟಿಗೆ ಹೋಗುತ್ತವೆ.

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ವಿನಂತಿ. ಕಚೇರಿಯ ಪ್ರತಿ ಕಂಪ್ಯೂಟರಿನ ಮಾದರಿ, ಕ್ರಮಸಂಖ್ಯೆ, ತಂತ್ರಾಂಶಗಳ ಪರವಾನಗಿ ಸಂಖ್ಯೆ ಮತ್ತು ಬಳಸುವ ಕನ್ನಡ ಅಕ್ಷರವಿನ್ಯಾಸದ ಹೆಸರನ್ನು ಒಂದು ವಹಿಯಲ್ಲಿ ಬರೆದಿಡಿ, ಕಂಪ್ಯೂಟರಿನಲ್ಲಲ್ಲ, ಕಾಗದದ ಮೇಲೆ. ಕಾರ್ಯಕಾರಿ ಸಮಿತಿ ಬದಲಾದಾಗ ಕೀಲಿಕೈಯ ಜೊತೆ ಆ ವಹಿಯನ್ನೂ ಹಸ್ತಾಂತರಿಸಿ. ಮೂಲೆಗಿಟ್ಟ ಯಂತ್ರವನ್ನು ಆಗೊಮ್ಮೆ ಈಗೊಮ್ಮೆ ಹಚ್ಚಿ ನೋಡಿ, ಅದು ಎದ್ದಿರುವಾಗಲೇ ಅದರಲ್ಲಿರುವುದನ್ನು ಎರಡು ಕಡೆ ನಕಲು ಮಾಡಿಡಿ. ಇಷ್ಟೆಲ್ಲ ಆದ ಮೇಲೂ ವಿಲೇವಾರಿ ಮಾಡಲೇಬೇಕಾದರೆ ಬೀದಿಯ ತಕ್ಕಡಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆ ಘಟಕಕ್ಕೇ ಕೊಡಿ. ಇದಕ್ಕಾಗಿ ನಮ್ಮ ದೇಶದಲ್ಲಿ 2012ರಿಂದಲೇ ನಿಯಮಗಳು ಜಾರಿಯಲ್ಲಿವೆ.

ಥಾಣೆ-ಬೇಲಾಪುರ ರಸ್ತೆಯ ಆ ಯಂತ್ರಕ್ಕೆ ಹೊಸ ಚಿಪ್ ಸಿಕ್ಕಿದ್ದು ಲ್ಯಾಮಿಂಗ್ಟನ್ ರಸ್ತೆಯಲ್ಲಿ. ಅದರ ಹೆಸರು ಸಿಕ್ಕಿದ್ದು ಮಾತ್ರ ಹನ್ನೊಂದು ವರ್ಷ ಕಾಪಾಡಿದ್ದ ಒಂದು ಹಾಳೆಯಲ್ಲಿ. ನಿಮ್ಮ ಸಂಘದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಆ ವಹಿಗೂ ಒಂದು ಸಾಲು ಇರಲಿ.